80 ಮೆಶ್ ಕ್ಸಾಂಥಾನ್ ಗಮ್ ಪುಡಿ: ಸಾಸ್ ಮಾಡುವವರು ಕೊಳ್ಳಲೇಬೇಕು
ಕ್ಸಾಂಥಾನ್ ಗಮ್ ಎಂದರೆ ದ್ರವವನ್ನು ದಪ್ಪಗಾಗಿಸುವ ಅಂಟು; ಮೆಶ್ ಎಂದರೆ ಜರಡಿ ಕಣ್ಣಿನ ಲೆಕ್ಕ, ಸಂಖ್ಯೆ ಹೆಚ್ಚಿದಷ್ಟೂ ಪುಡಿ ನುಣ್ಣಗೆ. ಲೀಟರ್ ನೀರಿಗೆ 3 ಗ್ರಾಂ ಸಾಕು. ಬಾಟಲಿ ಸುಮ್ಮನಿದ್ದಾಗ ಮೆಣಸಿನ ಚೂರು ತಳ ಸೇರುವುದಿಲ್ಲ, ಬಗ್ಗಿಸಿದರೆ ಸರಾಗವಾಗಿ ಸುರಿಯುತ್ತದೆ. ಇದರ ಸುರುಳಿ ಅಣುಗಳು ಕಡ್ಡಿಯಂತೆ ಸೆಟೆದಿರುತ್ತವೆ. ನಿಂತ ದ್ರವದಲ್ಲಿ ಒಂದಕ್ಕೊಂದು ತೊಡರಿಕೊಂಡು ಸಡಿಲ ಬಲೆಯಾಗುತ್ತವೆ. ಹರಿವು ಶುರುವಾದೊಡನೆ ಬಲೆ ಬಿಚ್ಚಿ, ಹರಿವಿನ ದಿಕ್ಕಿಗೇ ಸಾಲುಗಟ್ಟುತ್ತವೆ. ಆಗ ಸ್ನಿಗ್ಧತೆ (ದ್ರವದ ಮಂದತನ) ಇಳಿಯುತ್ತದೆ. ಹರಿವು ನಿಂತರೆ ಮತ್ತೆ ತೊಡರು, ಮತ್ತೆ ಗಟ್ಟಿ. ಅದ್ಭುತ ಗುಣ ಇದು!

ನೇರವಾಗಿ ನೀರಿಗೆ ಸುರಿಯಬೇಡಿ. ಹೊರಪದರ ಮೊದಲು ಊದಿ ಒಳಗಿನ ಪುಡಿಗೆ ನೀರು ಹೋಗದಂತೆ ತಡೆಯುತ್ತದೆ, ಗಂಟಾಗುತ್ತದೆ. ಹತ್ತು ಪಾಲು ಸಕ್ಕರೆಯಲ್ಲೋ ಸ್ವಲ್ಪ ಎಣ್ಣೆಯಲ್ಲೋ ಬೆರೆಸಿ, ಬ್ಲೆಂಡರ್ ತಿರುಗುತ್ತಿರುವಾಗಲೇ ಉದುರಿಸಿ. ಉಪ್ಪು ಆಮೇಲೆ. 200 ಮೆಶ್ ಪುಡಿ ಬೇಗ ನೆನೆಯುತ್ತದೆ, ಗಂಟೂ ಹೆಚ್ಚು. ಜಾಸ್ತಿ ಹಾಕಿದರೆ ಬಾಯಿಗೆ ಲೋಳೆ ಲೋಳೆ.