ಅಗೋಂಡ, ಕುಡ್ಲೆ, ಕೋಡಿ: ಕಡಲ ದಂಡೆಯಲ್ಲಿ ನೆಮ್ಮದಿಯ ನಿದ್ದೆ ಎಲ್ಲಿ?

‘ಹನ್ನೆರಡು ವರ್ಷದೊಳಗಿನವರಿಗೆ ಪ್ರವೇಶವಿಲ್ಲ’ ಎಂಬ ಒಂದು ಸಾಲಿಗಾಗಿ ರಾತ್ರಿಯೊಂದಕ್ಕೆ ಐದಾರು ಸಾವಿರ ರೂಪಾಯಿ ಹೆಚ್ಚಿಗೆ ಕೊಡಬಹುದೇ? ನಮ್ಮ ಮಕ್ಕಳು ಕೆಲಸ ಹಿಡಿದು ಬೇರೆ ಬೇರೆ ಊರು ಸೇರಿದ ಮೇಲೆ, ಚಳಿಗಾಲ ಬಂತೆಂದರೆ ನನಗೂ ಹೆಂಡತಿಗೂ ಇದೇ ಚರ್ಚೆ. ಇಬ್ಬರಿಗೂ ಬೇಕಾದದ್ದು ಸಮುದ್ರ, ಓದಲು ಪುಸ್ತಕ, ಹೊತ್ತುಹೊತ್ತಿಗೆ ಊಟ. ಅವಳಿಗೆ ಇವೆಲ್ಲಕ್ಕಿಂತ ಮೊದಲು ನಿದ್ದೆ. ನೆಂಟರ ಮನೆಯಲ್ಲಿ ಈ ಮಾತೆತ್ತಿದರೆ “ಮಕ್ಕಳೇ ಇಲ್ಲದ ಜಾಗಕ್ಕೆ ಹೋಗಿ ಏನು ಮಾಡುತ್ತೀರಿ?” ಎಂದು ನಗುತ್ತಾರೆ. ನಿದ್ದೆ ಮಾಡುತ್ತೇವೆ ಎಂದರೆ ಯಾರೂ ನಂಬುವುದಿಲ್ಲ.

ನಾವು ತಂಗಿ ನೋಡಿದ್ದು ಮೂರು ಬಗೆಯ ಜಾಗಗಳಲ್ಲಿ. ಒಂದು, ದಕ್ಷಿಣ ಗೋವಾದ ಅಗೋಂಡ ತೀರದಲ್ಲಿರುವ, ದೊಡ್ಡವರಿಗೆ ಮಾತ್ರ ಎಂದು ಕಟ್ಟುನಿಟ್ಟು ಮಾಡಿರುವ ಹೋಟೆಲು. ಎರಡು, ಗೋಕರ್ಣದ ಕುಡ್ಲೆ ತೀರದಲ್ಲಿ ಕೆಫೆಯೊಂದರ ಹಿಂದಿನ ಕೋಣೆ. ಮೂರು, ಕುಂದಾಪುರದ ಪಕ್ಕದ ಕೋಡಿಯಲ್ಲಿ ಒಂದು ಹೋಂಸ್ಟೇ. ಅಲ್ಲಿ ಮನೆಯವರ ಮೊಮ್ಮಕ್ಕಳು ಸದಾ ಅಂಗಳದಲ್ಲೇ ಇರುತ್ತಾರೆ. ಹೆಸರುಗಳು ಬೇಡ. ಮಾಲೀಕರು ಬದಲಾಗುತ್ತಾರೆ, ದರವೂ ಬದಲಾಗುತ್ತದೆ, ತೀರದ ಗುಣ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ.

ದುಡ್ಡಿನ ಮಾತು ಮೊದಲೇ ಮುಗಿಸುತ್ತೇನೆ. ಅಗೋಂಡದ ಹೋಟೆಲು ಜನವರಿಯಲ್ಲಿ ಒಂಬತ್ತು ಸಾವಿರದ ಆಸುಪಾಸು. ಕೋಣೆಯ ಬಾಡಿಗೆ 7,500 ರೂಪಾಯಿ ದಾಟಿದೊಡನೆ ಜಿಎಸ್‌ಟಿ ಶೇ 5ರಿಂದ ಶೇ 18ಕ್ಕೆ ನೆಗೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು. ಕೋಡಿಯ ಮನೆಯಲ್ಲಿ ಊಟ ತಿಂಡಿ ಸೇರಿಸಿ ಮೂರು ಸಾವಿರದೊಳಗೆ. ಕುಡ್ಲೆ ಅದಕ್ಕಿಂತಲೂ ಅಗ್ಗ. ವಾರಾಂತ್ಯದಲ್ಲಿ ಮಾತ್ರ ಅದೇ ಕೋಣೆಗೆ ಎರಡು ಪಟ್ಟು ಹೇಳುತ್ತಾರೆ. ಮೂರಕ್ಕೂ ಕೊಂಕಣ ರೈಲು ಅನುಕೂಲ: ಕಾಣಕೋಣ, ಗೋಕರ್ಣ ರೋಡ್, ಕುಂದಾಪುರ. ಅಲ್ಲಿಂದ ಮುಂದೆ ಆಟೊ. ಕುಡ್ಲೆಗಾದರೆ ಆಟೊ ಇಳಿದ ಮೇಲೂ ಕಾಲುದಾರಿ, ಮೆಟ್ಟಿಲು ಇಳಿಯಬೇಕು. ಚಕ್ರದ ಸೂಟ್‌ಕೇಸು ಅಲ್ಲಿ ತಲೆಹೊರೆಯೇ.

ಇನ್ನು ಸದ್ದಿನ ವಿಚಾರ. ಯಾವ ಜಾಗ ಶಾಂತ ಎಂದು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ, ಯಾವ ಹೊತ್ತಿನಲ್ಲಿ ಎಂದು ಕೇಳಬೇಕು.

ಮಧ್ಯಾಹ್ನ ಎರಡರಿಂದ ಐದರವರೆಗೆ ಅಗೋಂಡದ ಹೋಟೆಲಿಗೆ ಸಾಟಿಯಿಲ್ಲ. ಅಲ್ಲಿನ ಸಮುದ್ರದಲ್ಲಿ ಸೆಳೆತ ಹೆಚ್ಚು, ಹಾಗಾಗಿ ಈಜುವವರೆಲ್ಲ ಹೋಟೆಲಿನ ಕೊಳಕ್ಕೇ ಇಳಿಯುತ್ತಾರೆ. ಮಕ್ಕಳಿರುವ ಹೋಟೆಲಿನಲ್ಲಿ ಆ ಹೊತ್ತಿನ ಕೊಳ ಎಂದರೆ ಗಾಳಿ ತುಂಬಿದ ಮೊಸಳೆ, ಅಳು, ‘ಇನ್ನೊಂದೇ ಸಲ ಅಪ್ಪಾ’ ಎಂಬ ಗೋಗರೆತ. ಇಲ್ಲಿ ಬಿಳಿಕೂದಲಿನ ಹೆಂಗಸೊಬ್ಬರು ಕೊಳದ ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ ಈಜುತ್ತಿದ್ದರು. ಅವರ ಕೈ ನೀರಿಗೆ ಇಳಿಯುವ ಸಪ್ಪಳ ನಮ್ಮ ಜಗಲಿಯವರೆಗೂ ಕೇಳುತ್ತಿತ್ತು. ಪರಿಚಾರಕ ಹುಡುಗ ನೀರಿನ ಹೂಜಿಯನ್ನು ಮೇಜಿನ ಮೇಲಿಡುವಾಗ ಕೆಳಗೆ ಬಟ್ಟೆಯ ತುಂಡು ಹಾಸಿ ಇಟ್ಟ. ಗಾಜು ಗಾಜಿಗೆ ತಾಗಿದ ಸದ್ದೂ ಆಗಲಿಲ್ಲ. ಈ ಹೋಟೆಲುಗಳು ನಿಜಕ್ಕೂ ಮಾರುವುದು ಇಂಥ ತರಬೇತಿಯನ್ನು. ಮಕ್ಕಳನ್ನು ದೂರ ಇಟ್ಟದ್ದು ಅದರ ಒಂದು ಭಾಗ ಮಾತ್ರ. ಹೆಂಡತಿ ಆ ಜಗಲಿಯ ಬೆತ್ತದ ಕುರ್ಚಿಯಲ್ಲಿ ಪುಸ್ತಕ ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋದವಳು ಎದ್ದಾಗ ಬಿಸಿಲು ಅವಳ ಕಾಲಿನಿಂದ ಗೋಡೆಗೆ ಸರಿದಿತ್ತು.

ಕೋಡಿಯಲ್ಲಿ ಅದೇ ಹೊತ್ತಿಗೆ ತೆಂಗಿನ ಮಡಲಿನ ಬುಡ ಕೆತ್ತಿ ಮಾಡಿದ ಬ್ಯಾಟಿನ ಕ್ರಿಕೆಟ್ಟು. ಚೆಂಡು ನಮ್ಮ ಬಾಗಿಲಿಗೆ ಬಡಿದರೆ ನಾಲ್ಕು ರನ್ನು ಎಂದು ಅವರಲ್ಲಿ ಕರಾರಾಗಿತ್ತು. ನಿದ್ದೆ ಅಸಾಧ್ಯ. ಎರಡನೆಯ ದಿನ ನಾನು ಕುರ್ಚಿ ಹಾಕಿಕೊಂಡು ಅಂಪೈರ್ ಆದೆ, ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡಳು. ಕುಡ್ಲೆಯಲ್ಲಿ ಸದ್ದಿನ ತೊಂದರೆ ಇರಲಿಲ್ಲ, ಶೀಟಿನ ಮಾಡಿನ ಧಗೆಯಿತ್ತು. ಕೋಣೆಯೊಳಗೆ ಕೂರುವಂತಿಲ್ಲ, ಕೆಫೆಯ ನೆರಳಿನಲ್ಲಿ ಮತ್ತೊಂದು ನಿಂಬೆ ಸೋಡಾ ತರಿಸುತ್ತ ಕಾಲ ಕಳೆಯಬೇಕು.

ಸಂಜೆಯಾದರೆ ಲೆಕ್ಕ ತಿರುವುಮುರುವು. ಮಕ್ಕಳನ್ನು ಬಾಗಿಲಲ್ಲೇ ತಡೆಯುವ ಹೋಟೆಲಿಗೆ ದೊಡ್ಡವರನ್ನು ತಡೆಯುವ ಉಪಾಯ ಗೊತ್ತಿಲ್ಲ. ನಾವಿದ್ದಾಗ ಶುಕ್ರವಾರ ಸಂಜೆ ಯಾವುದೋ ಕಚೇರಿಯ ಹತ್ತು ಹನ್ನೆರಡು ಮಂದಿ ಬಂದಿಳಿದರು. ಎಲ್ಲರೂ ಮೂವತ್ತು ದಾಟಿದವರು, ನಿಯಮದ ಪ್ರಕಾರ ಯಾವ ತಕರಾರೂ ಇಲ್ಲ. ಮೊದಲ ಬಾಟಲಿಯವರೆಗೆ ಅವರು ಸಭ್ಯರು, ಎರಡನೆಯದಕ್ಕೆ ಕೊಳದ ಸುತ್ತ ಓಡಾಟ, ಆಮೇಲೆ ಮೇಲಧಿಕಾರಿಯ ಅನುಕರಣೆ. ಮ್ಯಾನೇಜರ್ ಎರಡು ಸಲ ಬಂದು ವಿನಂತಿಸಿಕೊಂಡರು. ಅಳುವ ಮಗುವನ್ನಾದರೆ ತಾಯಿ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ನಲವತ್ತರ ಗಂಡಸನ್ನು ಎತ್ತಿಕೊಂಡು ಹೋಗುವವರು ಯಾರು? ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅದೇ ಮೇಜಿನಿಂದ ಮೊಬೈಲಿನ ವಿಡಿಯೊಗಳ ಸರಣಿ, ಇಯರ್‌ಫೋನ್ ಇಲ್ಲದೆ.

ಹಾಗೆಂದು ಅಗೋಂಡದ ರಾತ್ರಿ ಕೆಟ್ಟದ್ದಲ್ಲ. ಹತ್ತು ಗಂಟೆಗೆ ಇಡೀ ತೀರವೇ ತಣ್ಣಗಾಯಿತು. ಇದರ ಪುಣ್ಯ ಹೋಟೆಲಿಗೆ ಸೇರಬೇಕಾದದ್ದಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕಬಾರದು ಎಂಬ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ದೇಶಕ್ಕೆಲ್ಲ ಒಂದೇ. ಪಕ್ಕದ ಪಾಲೋಲೆಮ್‌ನಲ್ಲಿ ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸದ್ದಿಲ್ಲದೆ ಕುಣಿಯುವ ಪಾರ್ಟಿಗಳು ಶುರುವಾದದ್ದೂ ಇದೇ ಕಾರಣಕ್ಕೆ. ಅಗೋಂಡಕ್ಕೆ ಇನ್ನೊಂದು ಕಾವಲೂ ಇದೆ, ಅದು ಕಡಲಾಮೆಯದು.

ಆಲಿವ್ ರಿಡ್ಲೆ ಆಮೆಗಳು ನವೆಂಬರಿನಿಂದ ಮಾರ್ಚಿನವರೆಗೆ ಇಲ್ಲಿ ಮೊಟ್ಟೆಯಿಡಲು ಬರುತ್ತವೆ. ದಕ್ಷಿಣ ಗೋವಾದಲ್ಲಿ ಅಗೋಂಡ ಮತ್ತು ಗಾಲ್ಜಿಬಾಗ, ಉತ್ತರದಲ್ಲಿ ಮೋರ್ಜಿ, ಮಾಂದ್ರೆ ಅವುಗಳ ತೀರಗಳು. ಹೆಣ್ಣಾಮೆ ಕತ್ತಲಲ್ಲಿ ದಂಡೆಗೆ ತೆವಳಿ ಬಂದು, ಹಿಂಗಾಲಿನಿಂದ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹಿಂದಿರುಗುತ್ತದೆ. ಒಂದೂವರೆ ಎರಡು ತಿಂಗಳಿಗೆ ಹೊರಬರುವ ಮರಿಗಳು ಬೆಳಕು ಹೆಚ್ಚಿರುವ ಕಡೆಗೆ ನಡೆಯುತ್ತವೆ. ಕತ್ತಲ ರಾತ್ರಿಯಲ್ಲಿ ಆ ಬೆಳಕು ಸಮುದ್ರದ ಮೇಲಿರುತ್ತದೆ. ಹೋಟೆಲು ದೀಪ ಹಚ್ಚಿದರೆ ಮರಿಗಳು ಹೋಟೆಲಿನತ್ತಲೇ ಬಂದು ಸಾಯುತ್ತವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಹಾಗಾಗಿ ಅರಣ್ಯ ಇಲಾಖೆಯವರು ತೀರದ ಒಂದು ಭಾಗಕ್ಕೆ ಬೇಲಿ ಹಾಕಿ ಕಾವಲುಗಾರರನ್ನು ಕೂರಿಸುತ್ತಾರೆ, ಹೋಟೆಲಿನವರು ಕಡಲ ಕಡೆಯ ದೀಪ ಆರಿಸುತ್ತಾರೆ. ನಮ್ಮ ಹೋಟೆಲಿನ ದರಪಟ್ಟಿಯಲ್ಲಿ ಮಕ್ಕಳ ನಿಯಮ ದಪ್ಪಕ್ಷರದಲ್ಲಿತ್ತು, ಆಮೆಯ ಪ್ರಸ್ತಾಪ ಎಲ್ಲೂ ಇರಲಿಲ್ಲ.

ಕೋಡಿಯ ಮರಳಿಗೂ ಇದೇ ಆಮೆಗಳು ಬರುತ್ತವೆ. ಗೂಡು ಕಂಡ ಮೀನುಗಾರರು ಇಲಾಖೆಗೆ ತಿಳಿಸುತ್ತಾರೆ, ಅದರ ಸುತ್ತ ಬಲೆಯ ಬೇಲಿ ಏಳುತ್ತದೆ. ತೀರದಲ್ಲಿ ಸಾಲು ಕೆಫೆಗಳಿಲ್ಲ, ಸಂಜೆ ಕುಂದಾಪುರದಿಂದ ಗಾಳಿಗೆ ಬಂದವರು ಕತ್ತಲಾಗುತ್ತಲೇ ಮನೆ ಸೇರುತ್ತಾರೆ. ನನ್ನ ಅನುಭವದಲ್ಲಿ, ಶಾಂತ ತೀರ ಯಾವುದು ಎಂದು ತಿಳಿಯಲು ಹೋಟೆಲಿನ ನಿಯಮ ಓದುವುದಕ್ಕಿಂತ ಆಮೆ ಎಲ್ಲಿ ಮೊಟ್ಟೆಯಿಡುತ್ತದೆ ಎಂದು ವಿಚಾರಿಸುವುದೇ ಲೇಸು. ಕುಡ್ಲೆಯ ಪಾಡು ಬೇರೆ. ಅಲ್ಲಿ ಹಗಲು ಮುಗಿಯುವುದೇ ಜನ ಸೇರುವುದಕ್ಕೆ. ವಾರದ ನಡುವೆ ಡೋಲು ಬಾರಿಸುವವರು ಇಬ್ಬರಾದರೆ, ಶನಿವಾರ ಬೆಂಗಳೂರಿನ ಬಸ್ಸುಗಳು ಬಂದ ಮೇಲೆ ಇಡೀ ತೀರವೇ ಜಾತ್ರೆ. ಯುವಕರಿಗೆ ಅದೇ ಬೇಕು, ಅದರಲ್ಲಿ ತಪ್ಪೇನಿಲ್ಲ. ನಾವು ಸೂರ್ಯಾಸ್ತ ನೋಡಿದೆವು, ಮೂರರಲ್ಲಿ ಅದೇ ಚೆಂದದ ಸೂರ್ಯಾಸ್ತ. ಆಮೇಲೆ ತೆಳುಗೋಡೆಯ ಆಚೆಗಿನ ಕೋಣೆಯವರ ಜಗಳವನ್ನು ರಾಜಿಯಾಗುವವರೆಗೂ ಕೇಳಿದೆವು.

ಮಲಗಿದ ಮೇಲೆ ಕಿವಿಗೆ ಬೀಳುವುದು ಏನು ಎಂಬುದನ್ನು ಯಾರೂ ಬರೆಯುವುದಿಲ್ಲ. ಒಂಬತ್ತು ಸಾವಿರ ಕೊಟ್ಟ ಕೋಣೆಯಲ್ಲಿ ನನಗೆ ಕೇಳಿಸಿದ್ದು ಎಸಿ. ನಮ್ಮದನ್ನು ಆರಿಸಿ ಕಿಟಕಿ ತೆರೆದರೆ ಪಕ್ಕದ ಕಾಟೇಜಿನ ಎಸಿಯ ಹೊರಪೆಟ್ಟಿಗೆ ನಮ್ಮ ಕಿಟಕಿಗೇ ಮುಖ ಮಾಡಿ ಗೊರಗುಟ್ಟುತ್ತಿತ್ತು. ಬೆಳಿಗ್ಗೆ ಆರಕ್ಕೆ ಕೊಳದ ನೀರು ಸೋಸುವ ಪಂಪು ಶುರು. ಇವೆರಡರ ನಡುವೆ ಅರಬ್ಬೀ ಸಮುದ್ರ ಇದೆ ಎಂಬುದನ್ನು ನೆನಪಿಸಿಕೊಳ್ಳಬೇಕು. ಅಗೋಂಡದ ಅಲೆ ಸಣ್ಣದಲ್ಲ; ದಂಡೆ ಕಡಿದಾಗಿರುವ ಕಡೆ ಅಲೆ ಹತ್ತಿರಕ್ಕೆ ಬಂದು ಒಮ್ಮೆಲೇ ಕುಸಿದು ಧಡ್ಡೆನ್ನುತ್ತದೆ, ಗುಡ್ಡಗಳ ನಡುವೆ ಚಪ್ಪಟೆಯಾಗಿ ಹರಡಿದ ಕುಡ್ಲೆಯಂಥ ಕೊಲ್ಲಿಯಲ್ಲಿ ದೂರದಲ್ಲೇ ಒಡೆದು ಸುಯ್ಯೆಂದು ಜಾರಿ ಬರುತ್ತದೆ. ಬರೀ ಅಲೆಯ ಸದ್ದಿಗೆ ಮಲಗುವುದಾದರೆ ಕುಡ್ಲೆಯೇ ಮೇಲು. ಕೋಡಿಯದು ತೆರೆದ ಸಮುದ್ರ, ಅದರ ಮೊರೆತ ರಾತ್ರಿಯಿಡೀ ನಿಲ್ಲುವುದಿಲ್ಲ. “ಇದೆಂಥ ಸದ್ದು, ಆಷಾಢದಲ್ಲಿ ಬನ್ನಿ, ಆಗ ಕೇಳಿ” ಎಂದರು ಮನೆಯೊಡತಿ, ಅದು ತಮ್ಮದೇ ಹೆಚ್ಚುಗಾರಿಕೆ ಎಂಬಂತೆ.

ಕೋಡಿಯಲ್ಲಿ ಇನ್ನೆರಡು ಸದ್ದುಗಳಿವೆ. ಪಂಚಗಂಗಾವಳಿ ಸಮುದ್ರ ಸೇರುವ ಅಳಿವೆ ಪಕ್ಕದಲ್ಲೇ. ಆಚೆ ದಡ ಗಂಗೊಳ್ಳಿ ಬಂದರು. ಬೆಳಗಿನ ಜಾವ ದೋಣಿಗಳು ಸಾಲಾಗಿ ಹೊರಡುವಾಗ ಡೀಸೆಲ್ ಎಂಜಿನ್‌ಗಳ ಗುಡುಗುಡು ನೀರಿನ ಮೇಲೆ ತೇಲಿ ಬರುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್, ಜುಲೈ ಬಿಟ್ಟರೆ ಇದು ತಪ್ಪಿದ್ದಲ್ಲ. ಇನ್ನೊಂದು ಯಕ್ಷಗಾನದ ಚೆಂಡೆ. ಸುಗ್ಗಿಯ ತಿಂಗಳುಗಳಲ್ಲಿ ಹತ್ತಿರದ ಗದ್ದೆಯಲ್ಲಿ ಹರಕೆಯ ಆಟವಿದ್ದರೆ ಮಲಗುವ ಆಸೆ ಬಿಡಬೇಕು. ಕಾಲಮಿತಿಯ ಮೇಳವಾದರೆ ನಡುರಾತ್ರಿಗೆ ಮುಗಿಯುತ್ತದೆ, ಬೆಳಗಿನವರೆಗಿನದಾದರೆ ಬೆಳಗಿನವರೆಗೆ. ನಮಗೆ ಅಂಥದೊಂದು ರಾತ್ರಿ ಸಿಕ್ಕಿತು. ಹಾಸಿಗೆಯಲ್ಲಿ ಹೊರಳಾಡುವ ಬದಲು ಟಾರ್ಚು ಹಿಡಿದು ಹೋಗಿ ಕುಳಿತೆವು. ನಿದ್ದೆಗೆಂದೇ ಬಂದ ಹೆಂಡತಿ ಎರಡನೆಯ ವೇಷ ರಂಗಕ್ಕೆ ಬರುವವರೆಗೂ ಏಳಲಿಲ್ಲ.

ಊಟದಲ್ಲಿ ಹೋಲಿಕೆಯೇ ಇಲ್ಲ. ಕೋಡಿಯಲ್ಲಿ ಎಂಟಕ್ಕೆ ನೀರುದೋಸೆ, ಬಂಗುಡೆ ಸಾರು. ಆಯ್ಕೆಯಿಲ್ಲ, ಆಯ್ಕೆ ಬೇಕೆನಿಸುವುದೂ ಇಲ್ಲ. ಅಗೋಂಡದಲ್ಲಿ ಹತ್ತೂವರೆಯವರೆಗೆ ತಿಂಡಿ ಸಿಗುತ್ತದೆ, ಅದು ಅವಳ ದೃಷ್ಟಿಯಲ್ಲಿ ರುಚಿಗಿಂತ ದೊಡ್ಡ ಸೌಲಭ್ಯ. ಕುಡ್ಲೆಯ ಕೆಫೆಗಳಲ್ಲಿ ಇಟಲಿಯಿಂದ ಇಸ್ರೇಲಿನವರೆಗೆ ಎಲ್ಲ ದೇಶಗಳ ಹೆಸರಿನ ತಿನಿಸೂ ಸಿಗುತ್ತದೆ, ಎಲ್ಲಕ್ಕೂ ಒಂದೇ ಸಾಸ್.

ಯಾರು ಎಲ್ಲಿಗೆ ಹೋಗಬೇಕು? ಹೊಸದಾಗಿ ಮದುವೆಯಾದವರು, ವರ್ಷವಿಡೀ ಶಾಲೆಯಲ್ಲಿ ಮಕ್ಕಳ ನಡುವೆ ಇರುವ ಶಿಕ್ಷಕರು, ಚಿಕ್ಕ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಎರಡು ದಿನ ಬಿಡುವು ಮಾಡಿಕೊಂಡ ತಂದೆತಾಯಿ ಅಗೋಂಡದಂಥ ಹೋಟೆಲಿಗೆ ಧಾರಾಳವಾಗಿ ದುಡ್ಡು ಕೊಡಲಿ, ಆದರೆ ಸೋಮವಾರದಿಂದ ಗುರುವಾರದೊಳಗೆ. ಆ ಮಧ್ಯಾಹ್ನಗಳು ಬೇರೆಲ್ಲೂ ಸಿಗುವುದಿಲ್ಲ. ಶುಕ್ರವಾರ, ಶನಿವಾರ ಅದೇ ಕೋಣೆಗೆ ಹೆಚ್ಚಿನ ದರ ತೆತ್ತು ಕಡಿಮೆ ನೆಮ್ಮದಿ ಪಡೆಯುವುದು ಶುದ್ಧ ನಷ್ಟ. ಓದು ಬರಹವನ್ನು ರಾತ್ರಿ ಇಟ್ಟುಕೊಂಡವರಿಗೆ, ಹಗಲಲ್ಲಿ ಅಷ್ಟಿಷ್ಟು ಗಲಾಟೆ ತಡೆದುಕೊಳ್ಳುವವರಿಗೆ ಕೋಡಿ. ಕುಡ್ಲೆಗೆ ಮಂಗಳವಾರ ಹೋಗಿ ಗುರುವಾರ ಹೊರಟುಬಿಡಿ.

ಕೋಣೆ ಕಾದಿರಿಸುವ ಮೊದಲು ಫೋನ್ ಮಾಡುವುದು ಒಳ್ಳೆಯದು. ಮಕ್ಕಳಿಗೆ ಪ್ರವೇಶ ಇದೆಯೇ ಎಂದು ನಾನು ಈಗ ಕೇಳುವುದಿಲ್ಲ. ಗುಂಪಿಗೆ ಎಷ್ಟು ಕೋಣೆಗಳನ್ನು ಕೊಡುತ್ತೀರಿ, ಮದುವೆ ಸಮಾರಂಭಗಳನ್ನು ಒಪ್ಪಿಕೊಳ್ಳುತ್ತೀರಾ, ಕಿಟಕಿ ತೆರೆದರೆ ಎದುರಿಗೆ ಏನಿದೆ, ಪಂಪು ಎಲ್ಲಿದೆ ಎಂದು ಕೇಳುತ್ತೇನೆ. ಪಂಪಿನ ಪ್ರಶ್ನೆಗೆ ಆ ತುದಿಯಲ್ಲಿ ಒಂದು ಕ್ಷಣ ಮೌನ. ಬಳಿಕ ಯಾರನ್ನೋ ಕೂಗಿ ವಿಚಾರಿಸುವುದು ಕೇಳುತ್ತದೆ. ಸರಿಯಾದ ಉತ್ತರ ಕೊಟ್ಟ ಹೋಟೆಲೊಂದು ಈ ಸಲ ಸಿಕ್ಕಿದೆ. ಫೆಬ್ರವರಿಯ ಮೂರನೆಯ ವಾರ, ಬುಧವಾರದಿಂದ. ಹೆಂಡತಿ ಒಪ್ಪಿದ್ದಾಳೆ, ಆದರೆ ವಾಪಸಾಗುವಾಗ ದಾರಿಯಲ್ಲಿ ಒಂದು ರಾತ್ರಿ ಕೋಡಿಯಲ್ಲಿ ಇಳಿಯಬೇಕಂತೆ. ಅಲ್ಲಿ ಆಟ ಇದೆಯೇ ಎಂದು ಮನೆಯೊಡತಿಗೆ ಅವಳೇ ಫೋನ್ ಮಾಡಿ ಕೇಳಿದ್ದಾಳೆ.