ಜಾಣ ಹಾಸ್ಯವೋ, ಬಿದ್ದೆದ್ದು ನಗಿಸುವುದೋ?

ಹಾಸ್ಯ ಚಿತ್ರವನ್ನು ಯಾರ ಜೊತೆ ನೋಡುತ್ತೀರಿ ಅನ್ನೋದನ್ನ ಮೊದಲು ಯೋಚಿಸಿ. ಮಕ್ಕಳು, ಅಜ್ಜ-ಅಜ್ಜಿ ಎಲ್ಲ ಕೂತಿದ್ದರೆ ಸುಮ್ನೆ ಸ್ಲ್ಯಾಪ್‌ಸ್ಟಿಕ್, ಅಂದರೆ ಬಿದ್ದು, ಎದ್ದು, ಗುದ್ದಾಡಿ ನಗಿಸುವ ಚಿತ್ರ ಹಾಕಿ. ಭಾಷೆ ಬರದಿದ್ದರೂ ನಗು ಬರುತ್ತದೆ. ಆದರೆ ಅದು ಸುಲಭದ ಕೆಲಸ ಅಂದುಕೊಳ್ಳಬೇಡಿ: 1928ರ ಚಿತ್ರವೊಂದರಲ್ಲಿ ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಮೇಲೆ ಮನೆಯ ಇಡೀ ಮುಂಗೋಡೆ ನಿಜವಾಗಿಯೇ ಬೀಳುತ್ತದೆ, ಕಿಟಕಿಯ ಖಾಲಿ ಜಾಗಕ್ಕೆ ಸರಿಯಾಗಿ ನಿಂತಿದ್ದರಿಂದ ಬಚಾವ್, ಸ್ವಲ್ಪ ಆಚೀಚೆ ಆಗಿದ್ದರೆ ಕಥೆ ಮುಗಿಯುತ್ತಿತ್ತು.

ಸೂಕ್ಷ್ಮ ಹಾಸ್ಯಕ್ಕೆ ಒಂದು ಮಾತು, ಒಂದು ಮೌನ, ಮೇಲೇರಿದ ಒಂದು ಹುಬ್ಬು ಸಾಕು. ಫೋನ್ ನೋಡುತ್ತಾ ಕೂತರೆ ಅರ್ಧ ತಪ್ಪಿಹೋಗುತ್ತದೆ, ಸಬ್‌ಟೈಟಲ್ ನಂಬಿಕೊಂಡರೆ ಇನ್ನೂ ಜಾಸ್ತಿ. ಆದರೆ ಎರಡನೇ ಸಲ ನೋಡಿದಾಗ ಹೊಸ ಜೋಕ್ ಸಿಗುವುದು ಹೆಚ್ಚಾಗಿ ಇದರಲ್ಲೇ. ನನ್ನ ಓಟು ಇದಕ್ಕೇ. ಸುಸ್ತಾಗಿ ಬಂದ ದಿನ ಮಾತ್ರ, ಗತ್ತಿನ ಮನುಷ್ಯನೊಬ್ಬ ಜಾರಿ ಬೀಳುವುದೇ ಬೇಕು, ಅಲ್ವಾ?