ಜಿಮ್ನಿಗೆ 215/75 ಆರ್15: ತೋಟದ ರಸ್ತೆಗೆ ಇದೇ ಸರಿಯಾದ ಅಳತೆ

ಮಾರುತಿ ಜಿಮ್ನಿ ಶೋರೂಮಿನಿಂದ ಬರುವಾಗ ಅದರಲ್ಲಿರುವುದು 195/80 ಆರ್15 ಟೈರ್. ಅಂದರೆ ಅಗಲ 195 ಮಿ.ಮೀ., ಸೈಡಿನ ಎತ್ತರ ಆ ಅಗಲದ 80 ಪರ್ಸೆಂಟ್, ರಿಮ್ 15 ಇಂಚು. ನಮ್ಮದರಲ್ಲಿ ಬ್ರಿಜ್‌ಸ್ಟೋನ್ ಡ್ಯೂಲರ್ ಎಚ್‌ಟಿ ಇತ್ತು. ಡಾಂಬರಿಗೆ ಒಳ್ಳೆಯ ಟೈರ್, ಸದ್ದೇ ಇಲ್ಲ. ಆದರೆ ಮೂಡಿಗೆರೆಯ ಜುಲೈ ಮಳೆಯಲ್ಲಿ ತೋಟದ ಕೆಮ್ಮಣ್ಣಿನ ಏರು ಹತ್ತುವಾಗ ಬಟನ್ (ನೆಲ ಹಿಡಿಯುವ ಟೈರಿನ ಗುಬ್ಬಿಗಳು) ಸಂದಿಗೆಲ್ಲ ಮಣ್ಣು ತುಂಬಿಕೊಳ್ಳುತ್ತದೆ. ಆಮೇಲೆ 4ಎಲ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ಲೋ ಗೇರ್) ಹಾಕಿದರೂ ಚಕ್ರ ಸುಮ್ನೆ ತಿರುಗುತ್ತದೆ. ಹಾಗಾಗಿ ಅವು ಸವೆದಾಗ ಯೊಕೊಹಾಮಾ ಜಿಯೋಲ್ಯಾಂಡರ್ ಎ/ಟಿ (ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರ್) ಹಾಕಿಸಿದೆ, 215/75 ಆರ್15 ಅಳತೆಯಲ್ಲಿ. ಒಂದು ಮಳೆಗಾಲ ಪೂರ್ತಿ ಓಡಿಸಿ ಈಗ ಬರೆಯುತ್ತಿದ್ದೇನೆ.

ಟೈರ್ ಅಂಗಡಿಯವರು 235/75 ಹಾಕಿಸಲು ಬಹಳ ಹೇಳಿದರು. "ಸಾರ್, ಗಾಡಿ ಲುಕ್ಕೇ ಬದಲಾಗತ್ತೆ" ಅಂದರು. ಲುಕ್ ಬದಲಾಗುತ್ತದೆ, ನಿಜ. ಆದರೆ ಲೆಕ್ಕ ನೋಡಿ. ಕಂಪನಿ ಟೈರಿನ ಎತ್ತರ 693 ಮಿ.ಮೀ. 235/75 ಸುಮಾರು 733 ಆಗುತ್ತದೆ, ಹೆಚ್ಚುಕಮ್ಮಿ 6 ಪರ್ಸೆಂಟ್ ಜಾಸ್ತಿ. ಜಿಮ್ನಿಯ 1.5 ಲೀಟರ್ ಪೆಟ್ರೋಲ್ ಇಂಜಿನ್ ಕೊಡುವುದು 134 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಅಷ್ಟೇ. ಟೈರ್ ಎತ್ತರ ಆದಷ್ಟೂ ಎಳೆಯುವ ಬಲ ಕಡಿಮೆ. ಗೊಬ್ಬರದ ಮೂಟೆ ಹೇರಿಕೊಂಡು ಏರು ಹತ್ತುವಾಗ ಆ 6 ಪರ್ಸೆಂಟ್ ಕಾಲಿಗೇ ಗೊತ್ತಾಗುತ್ತದೆ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಜಿಮ್ನಿ ರಿಮ್ಮಿನ ಅಗಲ ಐದೂವರೆ ಇಂಚು. 235ಕ್ಕೆ ಕಡಿಮೆ ಅಂದರೂ 6 ಇಂಚು ಬೇಕು. 215ಕ್ಕೆ ಐದೂವರೆ ಸಾಕು, ಹಳೆಯ ರಿಮ್ಮೇ ನಡೆಯುತ್ತದೆ.

215/75ರ ಎತ್ತರ ಸುಮಾರು 703 ಮಿ.ಮೀ. ಗಾಡಿ ಮೇಲೇಳುವುದು ವ್ಯತ್ಯಾಸದ ಅರ್ಧ, ಅಂದರೆ ಬರೀ 5 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ಗೋಸ್ಕರ ಇದನ್ನು ಹಾಕಿಸಬೇಡಿ. ಲಾಭ ಇರುವುದು ಬಟನ್ನಿನಲ್ಲಿ. ಸಂದಿ ಅಗಲ ಇರುವುದರಿಂದ ಚಕ್ರ ಒಂದೆರಡು ಸುತ್ತು ಜೋರಾಗಿ ತಿರುಗಿದರೆ ಮಣ್ಣು ಉದುರಿ ಮತ್ತೆ ಹಿಡಿತ ಸಿಗುತ್ತದೆ. ಮೇಲಿನ ಬ್ಲಾಕಿನ ತಿರುವಿನಲ್ಲಿ ಮೊದಲೆಲ್ಲ ಕೆಳಗಿನಿಂದಲೇ ಓಟ ತೆಗೆದುಕೊಂಡು ಹೋಗಬೇಕಿತ್ತು. ಈಗ ನಿಧಾನಕ್ಕೆ ಹತ್ತಿಸಿಕೊಂಡು ಹೋಗಬಹುದು, ರಸ್ತೆಯೂ ಕಿತ್ತು ಹೋಗುವುದಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿಸಿದರೂ ಎಲ್ಲೂ ಉಜ್ಜುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಇದು ಬೊಲೆರೊ ಅಳತೆ. ನಮ್ಮ ಕಡೆ ಬೊಲೆರೊ ಇಲ್ಲದ ಊರಿದೆಯಾ? ಚಾರ್ಮಾಡಿ ಘಾಟಿಯಲ್ಲಿ ಟೈರಿನ ಸೈಡು ಹರಿದರೂ ಕೊಟ್ಟಿಗೆಹಾರದಲ್ಲೋ ಉಜಿರೆಯಲ್ಲೋ ವಿಚಾರಿಸಿದರೆ ಈ ಅಳತೆಯದು ಒಂದು ಸಿಗುವ ಸಾಧ್ಯತೆ ಜಾಸ್ತಿ. 195/80 ಬೇಕೆಂದರೆ ಆರ್ಡರ್ ಹಾಕಿ ಕಾಯಬೇಕು.

ಕೊರತೆ ಇಲ್ಲವೆಂದಲ್ಲ. ವೇಗ 80 ಕಿ.ಮೀ. ದಾಟಿದರೆ ಗುಂಯ್ ಎಂಬ ಸದ್ದು ಶುರು. ಹಾಸನದಿಂದ ಬೆಂಗಳೂರಿಗೆ ಹೋಗುವಾಗ ಅಮ್ಮನಿಗೆ ಅದು ಸೇರುವುದಿಲ್ಲ. ಸ್ಟೀರಿಂಗ್ ಕೊಂಚ ಭಾರ. ಮೈಲೇಜ್ ಇಳಿದಂತೆ ಕಾಣುತ್ತದೆ, ಆದರೆ ಅದರಲ್ಲಿ ಸ್ವಲ್ಪ ಮೀಟರಿನ ಲೆಕ್ಕ: 100 ಕಿ.ಮೀ. ಓಡಿದರೆ ಮೀಟರ್ 98.5 ಅಂತ ತೋರಿಸುತ್ತದೆ. ಬರೀ ಡಾಂಬರಿನಲ್ಲೇ ಓಡಿಸುವವರು ಕಂಪನಿ ಅಳತೆಯನ್ನೇ ಹಾಕಿಸಿ, ಅಲ್ವಾ?

ಹಾಕಿಸುವುದಾದರೆ ಸ್ಟೆಪ್ನಿಯೂ ಸೇರಿ ಐದೂ ಒಟ್ಟಿಗೆ ಹಾಕಿಸಿ. ಹಳೆಯ 195ನ್ನು ಹಿಂದಿನ ಬಾಗಿಲಲ್ಲಿ ಉಳಿಸಿಕೊಂಡು, ಪಂಚರ್ ಆದಾಗ ಅದನ್ನೇ ಸೇರಿಸಿ ಫೋರ್ ವೀಲ್ ಹಾಕಿದರೆ ಚಕ್ರಗಳ ಸುತ್ತು ಒಂದೇ ಲೆಕ್ಕಕ್ಕೆ ಬರದೆ ಹೊರೆ ಬೀಳುವುದು ಟ್ರಾನ್ಸ್‌ಫರ್ ಕೇಸಿನ (ಬಲವನ್ನು ಹಿಂದೆ ಮುಂದೆ ಹಂಚುವ ಗೇರ್ ಪೆಟ್ಟಿಗೆ) ಮೇಲೆ. ಅದರ ರಿಪೇರಿ ಖರ್ಚಿನ ಮುಂದೆ ಐದನೇ ಟೈರಿನ ದುಡ್ಡು ಏನೂ ಅಲ್ಲ.